‘ರಿ’ ಹಚ್ಚಿ ಹೇಳಿದ ಮಂತ್ರ

ಹೆಂಗಸರ ಕೈಚೀಲದಲ್ಲಿ ಏನೇನಿರುತ್ತದೆ ಎಂದು ನೀವು ಕೇಳಬಾರದು, ನಾವು ಹೇಳಬಾರದು. ಆದರೆ ಮೊನ್ನೆ ಹೊಸಪೇಟೆಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಆಧಾರ್ ಕಾರ್ಡಿಗಾಗಿ ತಡಕಾಡುವಾಗ ನನ್ನ ಚೀಲವೇ ಬಾಯಿ ಬಿಟ್ಟಿತು. ಎರಡು ಸೀಮೆಸುಣ್ಣದ ತುಂಡು, ಒಂದು ತಲೆನೋವಿನ ಮಾತ್ರೆ, ಇಪ್ಪತ್ತು ಮುಖದ ಒಂದು ನೀಲಿ ದಾಳ. ದಾಳ ಉರುಳುತ್ತ ಹೋಗಿ ಕಂಡಕ್ಟರನ ಬೂಟಿನ ಹತ್ತಿರ ನಿಂತಿತು.

“ಇದೇನ್ರೀ ಟೀಚರ್, ಹರಳಾ? ಯಾವ ಗ್ರಹಕ್ಕ?”

“ಗ್ರಹಕ್ಕಲ್ಲಪ್ಪ, ರಕ್ಕಸರಿಗೆ,” ಎಂದೆ. ಅವನು ಅದನ್ನು ಮುಟ್ಟದೆ, ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗಿಬಿಟ್ಟ. ಬಗ್ಗಿ ಎತ್ತಿಕೊಂಡವಳು ನಾನೇ. ಹದಿನೇಳು ಬಿದ್ದಿತ್ತು. ಬೇಕಾದಾಗ ಬೀಳದ ಹದಿನೇಳು ಬಸ್ಸಿನಲ್ಲಿ ಬಿದ್ದಿದ್ದಕ್ಕೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ನನಗೀಗ ನಲವತ್ತೇಳು. ಕಮಲಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಡುತ್ತೇನೆ. ವಾರದಲ್ಲಿ ಆರು ದಿನ ಸಂಧಿ, ಸಮಾಸ, ವಿಭಕ್ತಿ. ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಮಾತ್ರ ನಾನು ಗಿಡ್ಡಣ್ಣ ಎಂಬ ಮೂರಡಿಯ ಕೊಡಲಿವೀರ. ನಗಬೇಡಿ. ಮನೆಯಲ್ಲಿ ಜಿರಲೆ ಕಂಡರೆ ಸ್ಟೂಲು ಹತ್ತುವವಳು ಅಲ್ಲಿ ಹನ್ನೊಂದು ರಕ್ಕಸರನ್ನು ಕಡಿದು ಹಾಕಿದ್ದೇನೆ. ಲೆಕ್ಕ ಹಾಳೆಯಲ್ಲಿದೆ, ಬೇಕಾದರೆ ತೋರಿಸುತ್ತೇನೆ.

ಆಟ ಬಲು ಸರಳ. ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಕತೆಯೊಳಗೆ ಒಂದೊಂದು ವೇಷ ಹಾಕಿಕೊಳ್ಳುತ್ತಾರೆ. “ಎದುರಿಗೆ ಕೋಟೆ ಬಾಗಿಲು. ಏನ್ಮಾಡ್ತೀರಿ?” ಎಂದು ಅವರು ಕೇಳಿದರೆ “ಒದೀತೀನಿ” ಎಂದು ನಾನು ಹೇಳಬಹುದು. ಬಾಗಿಲು ಮುರಿಯುತ್ತದೋ ಕಾಲು ಮುರಿಯುತ್ತದೋ ಎಂಬುದನ್ನು ದಾಳ ಹೇಳುತ್ತದೆ. ಎಷ್ಟು ಪೆಟ್ಟು ತಡೆದುಕೊಳ್ಳಬಲ್ಲೆವು ಎಂಬುದಕ್ಕೂ ಪ್ರತಿಯೊಬ್ಬರ ಹಾಳೆಯಲ್ಲಿ ಒಂದು ಅಂಕಿಯಿದೆ. ನಾವು ಅದಕ್ಕೆ ‘ಉಸಿರು’ ಎಂದು ಹೆಸರಿಟ್ಟಿದ್ದೇವೆ. ಉಸಿರು ಮುಗಿದರೆ ಸತ್ತಂತೆ. ಸತ್ತವರನ್ನು ಮತ್ತೆ ಎಬ್ಬಿಸುವಂತಿಲ್ಲ ಎಂಬುದು ನಮ್ಮ ಕಟ್ಟುನಿಟ್ಟು. ಕತೆ ನಡೆಸುವವರನ್ನು ಸಾರಥಿ ಎನ್ನುತ್ತೇವೆ. ನಮ್ಮ ಕಡೆಯ ಬಯಲಾಟದಲ್ಲಿ ಪಾತ್ರಗಳನ್ನು ಮಾತಾಡಿಸಿ ಕತೆ ಮುಂದೆ ಸಾಗಿಸುವವನಿಗೂ ಅದೇ ಹೆಸರು.

ನಮ್ಮ ಸಾರಥಿ ಪಂಪಾಪತಿ. ಹಂಪಿಯಲ್ಲಿ ಗೈಡು. ಹಗಲೆಲ್ಲ ಪ್ರವಾಸಿಗರಿಗೆ ನಿಜವಾದ ರಾಜರ ಕತೆ ಹೇಳಿ ಹೇಳಿ ಬೇಸತ್ತು, ಭಾನುವಾರ ನಮಗೆ ಸುಳ್ಳು ರಾಜರ ಕತೆ ಹೇಳುತ್ತಾನೆ. ಆಟದ ಪುಸ್ತಕ, ದಾಳಗಳು ಅವನಿಗೆ ಸಿಕ್ಕಿದ್ದು ಗೆಸ್ಟ್ ಹೌಸಿನಲ್ಲಿ ಯಾರೋ ಬಿಟ್ಟುಹೋದ ಚೀಲದಲ್ಲಿ. ಮರಳಿ ಬಂದು ಕೇಳಬಹುದೆಂದು ಒಂದು ವರ್ಷ ಕಾದನಂತೆ. ಯಾರೂ ಬರಲಿಲ್ಲ, ಆಮೇಲೆ ಓದಿದ. ಕಮಲಾಪುರದಲ್ಲಿರುವ ಅವನ ಮನೆಯ ಮಹಡಿಯೇ ನಮ್ಮ ರಣರಂಗ. ಕಿಟಕಿಯಾಚೆ ಬಾಳೆತೋಟ, ಒಳಗೆ ಮಂಡಕ್ಕಿ ಮಿರ್ಚಿ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಜ್ಯೋತಿ, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಸಂಡೂರಿನ ಗಣಿಯೊಂದರಲ್ಲಿ ಸುರಕ್ಷತೆಯ ನಿಯಮಗಳನ್ನು ನೋಡಿಕೊಳ್ಳುವ ಕೆಲಸ. ಹೆಲ್ಮೆಟ್ ಪಟ್ಟಿ ಬಿಗಿಯಿಲ್ಲದವನನ್ನು ಗೇಟಿನ ಒಳಗೆ ಬಿಡುವವಳಲ್ಲ. ಆಟದಲ್ಲಿ ಅವಳು ಕಳ್ಳಿಯಾದರೂ ನಿಯಮದ ವಿಷಯ ಬಂದರೆ ಕಳ್ಳಿಯ ಪಕ್ಷವನ್ನೂ ಹಿಡಿಯುವುದಿಲ್ಲ.

ನಿಯಮದ ಜಗಳ ನನಗೆ ಹೊಸದಲ್ಲ ಬಿಡಿ. ಚಿಕ್ಕಂದಿನಲ್ಲಿ ರಜೆಗೆ ಕಂಪ್ಲಿಯ ಅಜ್ಜಿ ಮನೆಗೆ ಹೋದರೆ ಚೌಕಾಬಾರ. ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡು ಕೂತರೆ ಆಟಕ್ಕಿಂತ ಹೆಚ್ಚು ಹೊತ್ತು ವಾದವೇ ನಡೆಯುತ್ತಿತ್ತು. ಒಂದೂ ಕಾಯಿ ಕಡಿಯದವರು ಒಳಮನೆಗೆ ಹೋಗಬಹುದೋ ಇಲ್ಲವೋ? ಹೊಸಪೇಟೆಯಲ್ಲಿ ಹೋಗಬಹುದಿತ್ತು, ಕಂಪ್ಲಿಯಲ್ಲಿ ಹೋಗುವಂತಿರಲಿಲ್ಲ. “ನಮ್ಮೂರಾಗ ಹಂಗಿಲ್ಲ” ಎಂದು ಅಜ್ಜಿ ಸೆರಗು ಕೊಡವಿ ಎದ್ದರೆ ಅಲ್ಲಿಗೆ ನ್ಯಾಯ ಮುಗಿಯಿತು. ಅದೇ ಅಜ್ಜಿ ಸೋಲುವ ಹೊತ್ತಿಗೆ ಹೊಸಪೇಟೆಯ ನಿಯಮ ಹಿಡಿದದ್ದನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಮಹಡಿಯಲ್ಲೂ ಹಾಗೆಯೇ. ಬೆನ್ನ ಹಿಂದಿನಿಂದ ಹೊಡೆದರೆ ಕಳ್ಳಿಗೆ ಎರಡು ಪಟ್ಟು ಪೆಟ್ಟು ಎಂದು ಪುಸ್ತಕದಲ್ಲಿದೆ. ಒಮ್ಮೆ ಕಾಳಗ ನಡೆದದ್ದು ಹರಿಗೋಲಿನಲ್ಲಿ. ಗರಗರ ತಿರುಗುವ ಹರಿಗೋಲಿನಲ್ಲಿ ಯಾರ ಬೆನ್ನು ಯಾರ ಕಡೆ? ತಡೆಯಲಾರದೆ ಮರುವಾರ ಹೊಳೆಗೆ ಹೋಗಿ ನಿಜವಾದ ಹರಿಗೋಲನ್ನೇ ಹತ್ತಿದೆವು. ಚೂರಿಯ ಬದಲು ನನ್ನ ಕೈಯಲ್ಲಿ ಸೌಟಿತ್ತು. ಎರಡು ಸುತ್ತು ತಿರುಗುವಷ್ಟರಲ್ಲಿ ಹುಟ್ಟು ಹಾಕುವವನು ಕೇಳಿದ, “ಜಗಳೇನ್ರಿ?” “ಅಲ್ಲಪ್ಪ, ಆಟ.” “ಹಂಗಾರ ಇಳದು ಆಡ್ರಿ.” ಹರಿಗೋಲಿನಲ್ಲಿ ಯಾರಿಗೂ ಬೆನ್ನಿಲ್ಲ ಎಂದು ತೀರ್ಮಾನವಾಯಿತು. ಅದರಿಂದ ನಷ್ಟವಾದದ್ದು ಜ್ಯೋತಿಗೇ. ಆದರೂ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದಿಟ್ಟವಳು ಅವಳೇ.

ನಾನು ಹೇಳಹೊರಟದ್ದು ಇದಲ್ಲ. ನಾಲ್ಕನೆಯವರ ವಿಷಯ.

ಚನ್ನಬಸಪ್ಪನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯಿದೆ. ಅರವತ್ತು ದಾಟಿದೆ. ಮೂರು ವರ್ಷದ ಹಿಂದೆ ಬೀಗರನ್ನು ಹಂಪಿ ತೋರಿಸಲು ಕರೆತಂದವರು ಕಾಲು ನೋವೆಂದು ಗೆಸ್ಟ್ ಹೌಸಿನ ಕಟ್ಟೆಯ ಮೇಲೆ ಕೂತಿದ್ದರಂತೆ. ಪಂಪಾಪತಿ, ಜ್ಯೋತಿ ಅಲ್ಲೇ ಆಡುತ್ತಿದ್ದರು. ಬೀಗರು ಎಲ್ಲ ಗುಡಿಗಳನ್ನೂ ನೋಡಿ ಬಂದರೂ ಇವರು ಏಳಲಿಲ್ಲ. ಕೊನೆಗೆ, “ಇದ್ರಾಗ ನನಗೂ ಒಂದು ಜಾಗ ಐತೇನ್ರಿ?” ಎಂದರಂತೆ.

ಅವರ ವೇಷ ಗುರುಪಾದ. ಬೆತ್ತ ಹಿಡಿದು ಊರೂರು ತಿರುಗುವ, ಮಂತ್ರ ಬಲ್ಲ ಸನ್ಯಾಸಿ. ಗುರುಪಾದನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಆಧಾರ್ ಕಾರ್ಡಿನ ಜೊತೆ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಅವನಿಗೆ ಏನು ಸೇರುತ್ತದೆ, ಯಾವ ಮೊಣಕಾಲು ನೋಯುತ್ತದೆ, ಯಾವ ಊರಿನಲ್ಲಿ ಯಾರು ಮಜ್ಜಿಗೆ ಕೊಟ್ಟರು ಎಲ್ಲ ಬರೆದಿದ್ದಾರೆ. ಒಮ್ಮೆ ನಾನು ತಮಾಷೆ ಮಾಡಿದ್ದಕ್ಕೆ ಹೇಳಿದ್ದರು, “ಗಿರಣ್ಯಾಗ ಹೋದ್ರ ಸಾವ್ಕಾರ. ಮನ್ಯಾಗ ಸಾವ್ಕಾರ. ಸಂತ್ಯಾಗೂ ಸಾವ್ಕಾರ. ಗುರುಪಾದ ಒಬ್ಬನ ನೋಡ್ರಿ ಟೀಚರಮ್ಮ, ಯಾರಿಗೂ ಸಾವ್ಕಾರ ಅಲ್ಲ.” ಆಮೇಲೆ ನಾನು ತಮಾಷೆ ಮಾಡಲಿಲ್ಲ.

ಅವರದೊಂದು ವಿಚಿತ್ರ ಅಭ್ಯಾಸ. ಎಲ್ಲರಿಗೂ ‘ರಿ’ ಹಚ್ಚುತ್ತಾರೆ. ನಮ್ಮ ಸೀಮೆಯಲ್ಲಿ ಹಿರಿಯರಿಗೆ, ಹೊಸಬರಿಗೆ ಬರ್ರಿ, ಕುಂದ್ರಿ ಅನ್ನುವುದು ವಾಡಿಕೆ. ಇವರದು ಅದನ್ನೂ ಮೀರಿದ್ದು. ಮಗಳ ವಯಸ್ಸಿನ ಜ್ಯೋತಿಗೆ “ತಗೊಳ್ರಿ”. ದಾರಿಗೆ ಅಡ್ಡ ನಿಂತ ಎಮ್ಮೆಗೆ “ಜರಾ ಸರೀರಿ”. ಸ್ಟಾರ್ಟ್ ಆಗದ ಮೋಟಾರಿಗೆ “ಏಳ್ರಿ ಇನ್ನ”. ಕತೆಯೊಳಗೆ ಗುರುಪಾದನೂ ಶತ್ರುವಿನ ತಲೆಗೆ ಬೆತ್ತ ಬೀಸುವ ಮುಂಚೆ “ತಪ್ಪು ತಿಳ್ಕೋಬ್ಯಾಡ್ರಿ” ಎನ್ನುತ್ತಾನೆ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅದೊಂದು ದಿನ ಅವನ ಪ್ರಾಣಕ್ಕೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಆ ಭಾನುವಾರ ಗುಡ್ಡದ ಮೇಲೆ ಬಂಡೆರಕ್ಕಸನ ಜೊತೆ ಕಾಳಗ. ಗಿಡ್ಡಣ್ಣ, ಅಂದರೆ ನಾನು, ಆಗಲೇ ಹಳ್ಳಕ್ಕೆ ಬಿದ್ದಾಗಿತ್ತು. ಜ್ಯೋತಿಯ ಕಳ್ಳಿ ಒಂದು ಮರದ ಮೇಲೆ. ಗುರುಪಾದನಿಗೆ ಉಳಿದದ್ದು ಮೂರೇ ಉಸಿರು. ರಕ್ಕಸ ತಲೆಯ ಮೇಲೆ ಒನಕೆ ಎತ್ತಿದ್ದಾನೆ. ಗುರುಪಾದನ ಹತ್ತಿರ ಒಂದೇ ಒಂದು ಮಂತ್ರ ಬಾಕಿಯಿತ್ತು, ಅಪ್ಪಣೆ ಮಂತ್ರ. ಎದುರಿಗಿರುವ ಒಬ್ಬನಿಗೆ ಒಂದೇ ಮಾತಿನಲ್ಲಿ ಅಪ್ಪಣೆ ಕೊಡಬೇಕು, ಅವನು ಆ ಕ್ಷಣ ಹಾಗೆಯೇ ಮಾಡಲೇಬೇಕು.

ಚನ್ನಬಸಪ್ಪ ಕೈಯೆತ್ತಿ, ಕಣ್ಣುಮುಚ್ಚಿ, ಗಂಭೀರವಾಗಿ ಹೇಳಿದರು, “ಕುಂದ್ರಿ!”

ನಾನು ಚಪ್ಪಾಳೆ ಹೊಡೆಯಲು ಹೊರಟಿದ್ದೆ. ಜ್ಯೋತಿ ಪುಸ್ತಕ ತೆರೆದಳು.

“ಒಬ್ಬನಿಗೆ ಅಂತ ಐತ್ರಿ ಇಲ್ಲಿ. ಕುಂದ್ರಿ ಅಂದ್ರ ಬಹುವಚನ. ಅದು ಒಬ್ಬನಿಗೆ ಹೋಗಂಗಿಲ್ಲ. ಮಂತ್ರ ಹತ್ತಂಗಿಲ್ಲ.”

“ಅದು ಗೌರವದ ಬಹುವಚನ,” ಎಂದೆ ನಾನು. ಇಪ್ಪತ್ತೆರಡು ವರ್ಷದ ಸರ್ವಿಸು ನನ್ನ ಗಂಟಲಲ್ಲಿ ಕೂತಿತ್ತು. “ರೂಪ ಬಹುವಚನ, ಅರ್ಥ ಏಕವಚನ.”

“ಮಂತ್ರಕ್ಕ ಅರ್ಥ ಎಲ್ಲಿ ತಿಳೀತೈತಿ ಟೀಚರ್? ಅದಕ್ಕ ಮಾತಷ್ಟ ಕೇಳಸ್ತೈತಿ.”

ಪಂಪಾಪತಿ ಎರಡೂ ಕೈಯಿಂದ ತಲೆ ಕೆರೆದುಕೊಂಡ. ಕೊನೆಗೆ ತೀರ್ಮಾನವನ್ನು ನನ್ನ ತಲೆಗೇ ಕಟ್ಟಿದ. “ಟೀಚರ್, ಕನ್ನಡ ನಿಮ್ದು. ಒಂದು ವಾರ ಟೈಮ್ ತಗೋರಿ. ಮುಂದಿನ ವಾರ ನೀವು ಹೇಳಿದ್ದ ಖಾಯಂ.” ಹೀಗೆ ರಕ್ಕಸನ ಒನಕೆ ಒಂದು ವಾರ ಗಾಳಿಯಲ್ಲೇ ನಿಂತಿತು.

ಆ ವಾರದಷ್ಟು ಕುತೂಹಲದಿಂದ ನಾನು ನನ್ನ ಭಾಷೆಯನ್ನು ಹಿಂದೆಂದೂ ಕೇಳಿಸಿಕೊಂಡಿರಲಿಲ್ಲ. ಸೋಮವಾರ ಒಂಬತ್ತನೇ ತರಗತಿಗೆ ಹೋದೆ. ಎಲ್ಲರೂ ಎದ್ದು ನಿಂತರು. ಮೊದಲ ಬೆಂಚಿನ ಒಬ್ಬಳನ್ನೇ ದಿಟ್ಟಿಸಿ “ಕುಂದ್ರಿ” ಎಂದೆ. ಇಡೀ ತರಗತಿ ಧಬಕ್ಕನೆ ಕೂತಿತು. ಕೂರದೆ ಉಳಿದವಳು ಅವಳೊಬ್ಬಳೇ. ಟೀಚರು ತನಗೆ ‘ರಿ’ ಹಚ್ಚಿದರೆಂದು ಗಾಬರಿಯಾಗಿ, “ಏನ್ ತಪ್ಪು ಮಾಡೀನ್ರಿ ಮಿಸ್?” ಎಂದು ಅಳುವ ಹಾಗಾದಳು. ಅವಳನ್ನು ಸಮಾಧಾನ ಮಾಡುವುದರಲ್ಲೇ ಪೀರಿಯಡ್ ಮುಗಿಯಿತು.

ಬುಧವಾರ ಬಸ್ಸಿನಲ್ಲಿ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಬಂದಳು. ನಾನು ಎದ್ದು, ಯಾರೆಂದು ಹೆಸರಿಸದೆ, “ಕುಂದ್ರಿ” ಎಂದೆ. ಪಕ್ಕದಲ್ಲಿ ನಿಂತಿದ್ದ ದಪ್ಪನೆಯ ಗಂಡಸು “ಭಾಳ ಉಪಕಾರ ಆತ್ರಿ” ಎಂದು ಕೂತುಬಿಟ್ಟ. ಅಜ್ಜಿ, ನಾನು ಕಮಲಾಪುರದವರೆಗೂ ಕಂಬಿ ಹಿಡಿದು ನಿಂತೆವು. “ನೀ ಯಾರಿಗೆ ಅಂದಿ ತಂಗಿ?” ಎಂದು ಅಜ್ಜಿ ಕೇಳಿದಳು. ಅದೇ ನನ್ನ ಪ್ರಶ್ನೆಯೂ ಆಗಿತ್ತು.

ಉಳಿದವರೂ ಸುಮ್ಮನಿರಲಿಲ್ಲ. ಗಣಿಯಲ್ಲಿ ಒಬ್ಬ ಟಿಪ್ಪರ್ ಡ್ರೈವರನಿಗೆ “ನಿಲ್ಲಿಸ್ರಿ” ಎಂದದ್ದಕ್ಕೆ ಹಿಂದಿನ ಎರಡು ಟಿಪ್ಪರುಗಳೂ ನಿಂತವು ಎಂದು ಜ್ಯೋತಿ ಮೆಸೇಜ್ ಹಾಕಿದಳು. ಪಂಪಾಪತಿ ಹಂಪಿಯ ಮಂಗನಿಗೆ “ಹೋಗ್ರಿ” ಎಂದನಂತೆ. ಅದು ಅವನ ಮುಖ ನೋಡುತ್ತ ಬಾಳೆಹಣ್ಣು ಸುಲಿಯಿತು. “ಹೋಗಲೇ” ಎಂದ ಕೂಡಲೇ ಓಡಿತು. ಚನ್ನಬಸಪ್ಪನವರಿಂದ ಮಾತ್ರ ಯಾವ ಮೆಸೇಜೂ ಇಲ್ಲ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವವರು ಆ ವಾರ ಅದನ್ನೂ ಕಳಿಸಲಿಲ್ಲ.

ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಗುರುಪಾದನ ಹಾಳೆ ಮುಂದಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಪಂಪಾಪತಿ ಒಂದು ದಾರಿ ಹುಡುಕಿದ್ದ. ಪಾಪ, ಅವನಿಗೂ ಗುರುಪಾದನನ್ನು ಕೊಲ್ಲುವ ಮನಸ್ಸಿರಲಿಲ್ಲ.

“ಸಾವ್ಕಾರ್ರ, ಯಾಕ ಬೇಕ್ರಿ ಈ ವ್ಯಾಕರಣ? ಇನ್ನೊಮ್ಮೆ ಹೇಳಿಬಿಡ್ರಿ. ಕುಂದ್ರು ಅನ್ರಿ. ರಕ್ಕಸ ಕುಂತ, ಗುರುಪಾದ ಉಳಿದ. ಜ್ಯೋತಿ, ಒಪ್ಪಿಗೆನಾ?”

“ಒಪ್ಪಿಗೆ,” ಎಂದಳು ಜ್ಯೋತಿ. ಅವಳ ಮುಖದಲ್ಲೂ ಹಗುರ ಕಂಡಿತು.

ಚನ್ನಬಸಪ್ಪ ಕೈಯೆತ್ತಿದರು. ತುಟಿ ಅಲುಗಿತು. ಕೈ ಇಳಿಸಿದರು. ಇನ್ನೊಮ್ಮೆ ಎತ್ತಿದರು.

“ಬಾಯಿಗೆ ಬರವಲ್ದುರಿ,” ಎಂದರು.

ನಾವು ನಕ್ಕೆವು. ಅವರು ನಗಲಿಲ್ಲ. ಹಾಳೆಯ ಮೇಲೆ ಬಿದ್ದಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಬದಿಗೆ ಸರಿಸುತ್ತ ಹೇಳತೊಡಗಿದರು.

“ನನಗಾಗ ಹನ್ನೆರಡು ವರ್ಷ ಇರಬೇಕ್ರಿ. ನಮ್ಮಪ್ಪ ಗಿರಣ್ಯಾಗ ಎಲ್ಲಾರಿಗೂ ಲೇ ಅಂತಿದ್ದ. ಲೇ ಅಂದ್ರ ಸಾಕು, ಮಂದಿ ಓಡಿ ಬರ್ತಿದ್ರು. ನನಗ ಅದು ಭಾಳ ಮಸ್ತ್ ಕಾಣ್ತಿತ್ತು. ಒಂದಿನ ಅಪ್ಪ ಉಣ್ಣಾಕ ಹೋಗಿದ್ದ. ನಾನು ಹೋಗಿ ಅವನ ಕುರ್ಚಿ ಮ್ಯಾಲ ಕುಂತೆ. ಹಮಾಲಿ ಮಾಡೋ ಮಲ್ಲಪ್ಪ ಅಂತ ಒಬ್ರಿದ್ರು, ನಮ್ಮಜ್ಜನ ವಯಸ್ಸಿನವ್ರು. ಬೆನ್ನ ಮ್ಯಾಲ ಕ್ವಿಂಟಲ್ ಚೀಲ ಹೊತ್ಕೊಂಡು ಮುಂದ ಹೊಂಟಿದ್ರು. ನಾನು ಅಪ್ಪನ ದನಿ ತಗದು, ‘ಲೇ ಮಲ್ಲ, ಕುಂದ್ರು’ ಅಂದೆ. ಬರೇ ನೋಡೋಣಂತ ಅಂದಿದ್ದುರಿ. ಅವರು ನಿಂತ್ರು. ಕುರ್ಚಿ ನೋಡಿದ್ರು. ಚೀಲ ಹೊತ್ಕೊಂಡ ಕುಂತುಬಿಟ್ರು.”

ಇನ್ನೊಂದು ಮಂಡಕ್ಕಿಯನ್ನು ಬದಿಗೆ ಸರಿಸಿದರು.

“ಮೊಣಕಾಲು ಹೋತು. ನಾಕು ಮಂದಿ ಬಂದು ಚೀಲ ಎತ್ತಿದ್ರು. ಆಮ್ಯಾಲೆ ಅವರು ಚೀಲ ಹೊರಲೇ ಇಲ್ಲ, ಕಡೀತನಕ ತೌಡು ಗುಡಿಸಿದ್ರು. ನಾನು ಅಳ್ಕೋಂತ ಕೇಳಿದೆ, ಯಾಕ ಕುಂತ್ರಿ ಅಂತ. ‘ನೀವು ಕುಂದ್ರು ಅಂದ್ರಲ್ರೀ ಸಣ್ಣ ಸಾವ್ಕಾರ್ರ’ ಅಂದ್ರು. ಹನ್ನೆರಡು ವರ್ಷದ ನನಗ ರಿ ಹಚ್ಚಿ.”

ಹಾಳೆಯ ಮೇಲೆ ಅಂಗೈ ಇಟ್ಟು ಮುಂದುವರಿಸಿದರು. “ಅಪ್ಪಣೆ ಮಂತ್ರ ಅಂತೀರಲ್ರಿ, ನಾನು ಒಮ್ಮೆ ಹಾಕೀನಿ. ಹತ್ತೇತಿ. ಇನ್ನೊಮ್ಮೆ ಹಾಕಂಗಿಲ್ಲ, ಆಟದಾಗ ಆದ್ರೂ. ಟೀಚರಮ್ಮ, ನೀವು ಹೇಳ್ರಿ ಈಗ. ನನ್ನ ಮುಖ ನೋಡಿ ಹೇಳಬ್ಯಾಡ್ರಿ, ಖರೇ ಹೇಳ್ರಿ.”

ನಿಮಗೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಸುಳ್ಳು ಹೇಳುವ ಆಸೆ ನನಗೆ ವಿಪರೀತ ಆಗಿತ್ತು. ಅರ್ಥ ಏಕವಚನ, ಮಂತ್ರ ಹತ್ತಿತು ಎಂದರೆ ಮುಗಿಯುತ್ತಿತ್ತು. ಜ್ಯೋತಿ ಕೂಡ ಪುಸ್ತಕ ಮುಚ್ಚಿಟ್ಟಿದ್ದಳು. ಆದರೆ ಅವರ ಮಾತು ಕೇಳುವಾಗಲೇ ನನಗೆ ಗೊತ್ತಾಗಿಹೋಗಿತ್ತು, ವಾರವಿಡೀ ನಾನು ತಪ್ಪು ಪ್ರಶ್ನೆ ಹಿಡಿದು ಓಡಾಡಿದ್ದೆ ಎಂದು. ಒಬ್ಬನೋ ಹಲವರೋ ಎಂಬುದು ಇಲ್ಲಿ ವಿಷಯವೇ ಅಲ್ಲ. ‘ಕುಂದ್ರು’ ಎಂದಾಗ ಎದುರಿನವನು ಕೂರಬೇಕು. ‘ಕುಂದ್ರಿ’ ಎಂದಾಗ ಅವನು ಒಲ್ಲೆ ಎನ್ನಬಹುದು. ಆ ಒಂದು ‘ರಿ’ಯಲ್ಲಿ ಅವನಿಗೆ ಅಷ್ಟು ಜಾಗ ಬಿಟ್ಟಿರುತ್ತೇವೆ. ಇಪ್ಪತ್ತೆರಡು ವರ್ಷ ಗೌರವ ಬಹುವಚನ ಎಂದು ಬೋರ್ಡಿನ ಮೇಲೆ ಬರೆದವಳಿಗೆ ಗೌರವವೆಂದರೆ ಏನೆಂದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

“ನೀವು ಹೇಳಿದ್ದು ಅಪ್ಪಣೆ ಅಲ್ರಿ ಚನ್ನಬಸಪ್ಪಾರ,” ಎಂದೆ. “ಒಲ್ಲೆ ಅನ್ನಾಕ ರಕ್ಕಸನಿಗೂ ಜಾಗ ಬಿಟ್ಟೀರಿ. ಮಂತ್ರ ಹತ್ತಂಗಿಲ್ಲ.”

ಅವರು ತಲೆಯಾಡಿಸಿದರು. ಬೇಸರವಿತ್ತು, ಮರೆಮಾಚಲಿಲ್ಲ. ಆದರೆ ಸರಿಯಾದ ತೂಕ ಕಂಡವರ ಹಾಗೆ “ಬರೋಬ್ಬರಿ” ಎಂದರು.

ಪಂಪಾಪತಿ ಯಾರಾದರೂ ಸತ್ತರೆ ಮೇಜು ಗುದ್ದಿ, ಬಾಯಲ್ಲೇ ಗುಡುಗು ಸಿಡಿಲು ಎಲ್ಲ ಮಾಡುವವನು. ಅವತ್ತು “ಒನಕಿ ಬಿತ್ತು” ಎಂದಷ್ಟೇ ಹೇಳಿ ನೀರು ಕುಡಿದ. ಚನ್ನಬಸಪ್ಪ ಗುರುಪಾದನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕವರಿಗೆ ಹಾಕಿ, ಜೇಬಿಗಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದ್ದು ಹೋಗುತ್ತಾರೆಂದು ನನಗೆ ಹೆದರಿಕೆಯಾಗಿತ್ತು. ಅವರು ಹೋಗಲಿಲ್ಲ.

“ಒಂದು ಖಾಲಿ ಹಾಳಿ ಕೊಡ್ರಿ,” ಎಂದರು.

ಬರೆದುಕೊಡಲು ಜ್ಯೋತಿ ಮುಂದೆ ಬಂದಳು. “ಹೆಸರೇನ್ರಿ?”

“ಮಲ್ಲಪ್ಪ ಅಂತ ಬರೀರಿ.”

ಪೆನ್ನು ಒಂದು ಗಳಿಗೆ ನಿಂತು, ಬರೆಯಿತು. “ಕಸುಬು?”

“ಹಮಾಲ್ರು.”

ವೀರ, ಕಳ್ಳ, ಮಂತ್ರವಾದಿ ಎಂದೆಲ್ಲ ಇರುವ ಆ ಪುಸ್ತಕದಲ್ಲಿ ಹಮಾಲರು ಇಲ್ಲ. ಇಲ್ಲ ಎಂದು ಹೇಳಬೇಕಾದವಳು ಜ್ಯೋತಿಯೇ. ಅವಳು ಹೇಳಲಿಲ್ಲ. “ಶಕ್ತಿ ಏನು ಬರೀಲಿ?” ಎಂದಳು.

“ಕುಂದ್ರು ಅಂದ್ರ ಕುಂದ್ರಂಗಿಲ್ಲ ಅಂತ ಬರೀರಿ. ರಾಜ ಅನ್ಲಿ, ರಕ್ಕಸ ಅನ್ಲಿ, ಸಾವ್ಕಾರನ ಮಗ ಅನ್ಲಿ.”

“ಯಾವ ಮಂತ್ರಕ್ಕೂ?” ಎಂದು ಪಂಪಾಪತಿ ಸಾರಥಿಯ ದನಿಯಲ್ಲಿ ಕೇಳಿದ.

“ಯಾವ ಮಂತ್ರಕ್ಕೂ.”

ಜ್ಯೋತಿ ಪೂರ್ತಿ ಬರೆದಳು, ಕೆಳಗೊಂದು ಗೆರೆ ಎಳೆದಳು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಪೆನ್ನಿನ ಕ್ಯಾಪು ಹಾಕುವ ಮುಂಚೆ ತಡೆಯಲಾರದೆ ಕೇಳಿಯೇಬಿಟ್ಟಳು.

“ಕುಂದ್ರಿ ಅಂದ್ರ, ಸಾವ್ಕಾರ್ರ?”

ಚನ್ನಬಸಪ್ಪ ಹಾಳೆಯ ಮೇಲಿನ ಹೆಸರನ್ನು ಬಹಳ ಹೊತ್ತು ನೋಡಿದರು.

“ವಿಚಾರ ಮಾಡ್ತಾರ್ರಿ,” ಎಂದರು.